ಶಾಟ್, ಆ್ಯಂಕಲ್, ಫಾರಂ: ಇಲಾಖೆ ತಂಡದ ಬ್ಯಾಸ್ಕೆಟ್‌ಬಾಲ್

ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಸಂಬಳ ತಗೊಳ್ಳೋದು ಅಂದರೆ ಬಹುಮಟ್ಟಿಗೆ ರೈಲ್ವೆ, ಸೇನೆ, ಬ್ಯಾಂಕು, ಆದಾಯ ತೆರಿಗೆ ಇಲಾಖೆ, ಓಎನ್‌ಜಿಸಿ ಇಂಥ ಕಡೆ ನೌಕರಿ ಹಿಡಿದು ಅಲ್ಲಿಯ ತಂಡಕ್ಕೆ ಆಡೋದು. ಲೀಗುಗಳನ್ನು ನಂಬಿ ಮನೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಯುಬಿಎ ಎಂಬ ವೃತ್ತಿಪರ ಲೀಗ್ 2015ರಲ್ಲಿ ಶುರುವಾಗಿ 2017ರ ನಂತರ ನಡೆಯಲಿಲ್ಲ. ಎತ್ತರ ಇದ್ದರೆ ಟ್ರಯಲ್ಸ್‌ಗೆ ಕರೆ ಬರುತ್ತದೆ, ಅದು ನಿಜ. ಆದರೆ ಏಳಡಿ ಮೀರಿದ ಸತ್ನಾಮ್ ಸಿಂಗ್‌ನನ್ನು ಅಮೆರಿಕದ ಎನ್‌ಬಿಎ ಲೀಗಿಗೆ ಹೊಸ ಆಟಗಾರರನ್ನು ಆರಿಸುವ 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿಕೊಂಡರೂ ಅವನಿಗೆ ಒಂದೇ ಒಂದು ಎನ್‌ಬಿಎ ಪಂದ್ಯ ಆಡಲು ಸಿಗಲಿಲ್ಲ. ಆರಡಿಯ ಆಸುಪಾಸಿನ ನಮ್ಮಂಥ ಗಾರ್ಡ್‌ಗಳ (ಬಾಲ್ ಸಾಗಿಸಿ ಹೊರಗಿನಿಂದ ಆಡುವವರ) ಲೆಕ್ಕ ಇನ್ನೂ ಸರಳ: ಸುಸ್ತಾದಾಗಲೂ ಬೀಳುವ ಶಾಟ್ ಇರಬೇಕು, ಸೀಸನ್ ಪೂರ್ತಿ ತಡೆಯುವ ಆ್ಯಂಕಲ್ (ಪಾದದ ಕೀಲು) ಇರಬೇಕು. ಇವೆರಡು ಇದ್ದರೆ ಹತ್ತು ಹನ್ನೆರಡು ವರ್ಷ ತಂಡದಲ್ಲಿ ಜಾಗ ಗಟ್ಟಿ.

ಮೊದಲು ಶಾಟ್. ರಿಂಗಿನ ಒಳ ಅಗಲ 45 ಸೆಂಟಿಮೀಟರ್, 7ನೇ ಸೈಜಿನ ಬಾಲ್‌ನ ಅಗಲ ಸುಮಾರು 24. ಬಾಲ್ ನೇರ ಮೇಲಿನಿಂದ ಇಳಿದರೆ ಪೂರ್ತಿ 45 ಸಿಗುತ್ತದೆ. 45 ಡಿಗ್ರಿ ಓರೆಯಲ್ಲಿ ಇಳಿದರೆ ಬಾಲ್‌ಗೆ ಸಿಗುವ ಜಾಗ 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಬಂದರೆ 22.5, ಅಂದರೆ ರಿಂಗಿಗೆ ತಾಗದೆ ಒಳಗೆ ಹೋಗಲು ಜಾಗವೇ ಇಲ್ಲ. ಚಪ್ಪಟೆ ಶಾಟ್ ಹೊಡೆಯುವವರಿಗೆ ‘ಆರ್ಕ್ ಎತ್ತು’ (ಬಾಲ್ ಕಮಾನಿನಂತೆ ಎತ್ತರಕ್ಕೆ ಹೋಗಲಿ) ಅಂತ ಕೋಚ್‌ಗಳು ಕೂಗೋದು ಇದಕ್ಕೇ. ಆರ್ಕ್ ಬರುವುದು ತೋಳಿನಿಂದಲ್ಲ, ಮಂಡಿಯಿಂದ. ಮಂಡಿ ಬಗ್ಗದೆ ತೋಳಿನಿಂದ ತಳ್ಳಿದರೆ ಮೂರನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಬಾಲ್ ರಿಂಗಿನ ಮುಂಭಾಗಕ್ಕೆ ಬಡಿಯತೊಡಗುತ್ತದೆ.

ನಾನು ಅಭ್ಯಾಸ ಶುರು ಮಾಡುವುದು ರಿಂಗಿನಿಂದ ಒಂದೂವರೆ ಮೀಟರ್‌ನಲ್ಲಿ, ಒಂದೇ ಕೈಯಲ್ಲಿ, ಬೋರ್ಡ್ ಬಳಸದೆ. ರಿಂಗಿಗೆ ತಾಗದ 20 ಆದ ಮೇಲೆ ಇನ್ನೊಂದು ಕೈ ಬರೀ ಆಸರೆಗೆ. ಆ ಕೈಯ ಹೆಬ್ಬೆರಳು ಬಿಡುವ ಹೊತ್ತಿಗೆ ಬಾಲನ್ನು ಒತ್ತಿದರೆ ಶಾಟ್ ಪಕ್ಕಕ್ಕೆ ಓಡುತ್ತದೆ. ಎಡ–ಬಲ ತಪ್ಪುವ ಶಾಟ್‌ಗಳಲ್ಲಿ ಅರ್ಧ ಈ ಹೆಬ್ಬೆರಳಿನ ಕೆಲಸ. ಆಮೇಲೆ ಐದು ಜಾಗಗಳಿಂದ ಮಿಡ್‌ರೇಂಜ್ (ಮೂರು ಪಾಯಿಂಟ್ ಗೆರೆಯ ಒಳಗಿನ ನಡು ದೂರ), ಐದು ಜಾಗಗಳಿಂದ ಮೂರು ಪಾಯಿಂಟ್, ಎಲ್ಲ ಸೇರಿ 250ರಿಂದ 300 ಶಾಟ್. ಎಷ್ಟು ಬಿದ್ದವು ಅನ್ನುವುದಕ್ಕಿಂತ ಬೀಳದವು ಹೇಗೆ ತಪ್ಪಿದವು ಅಂತ ಬರೆದಿಡುವುದು ಮುಖ್ಯ: ಶಾರ್ಟ್, ಲಾಂಗ್, ಎಡ, ಬಲ. ಲಾಂಗ್ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಆಟ ಸಾಗಿದಂತೆ ತಾನೇ ಸರಿಹೋಗುತ್ತದೆ. ಶಾರ್ಟ್ ಇದ್ದರೆ ಕಾಲು ಸತ್ತಿದೆ ಎಂದರ್ಥ. ಅಂಥ ದಿನ ಇನ್ನೂ ನೂರು ಶಾಟ್ ಹೊಡೆದರೆ ತಪ್ಪು ಅಭ್ಯಾಸವೇ ಗಟ್ಟಿಯಾಗುತ್ತದೆ, ನಿಲ್ಲಿಸುವುದು ಲೇಸು.

ಫೌಲ್ ಆದಾಗ ಯಾರೂ ಅಡ್ಡಬಾರದೆ ಹೊಡೆಯಲು ಸಿಗುವ ಫ್ರೀ ಥ್ರೋ ಸಾಲಾಗಿ 50 ಹೊಡೆಯುವುದರಿಂದ ಏನೂ ಉಪಯೋಗವಿಲ್ಲ. ಪಂದ್ಯದಲ್ಲಿ ಸಿಗುವುದು ಹೆಚ್ಚಾಗಿ ಎರಡು, ಅದೂ ಏದುಸಿರಿನಲ್ಲಿ. ಅದಕ್ಕೆ ‘ಸೆವೆಂಟೀನ್’ ಓಡುತ್ತೇವೆ: ಸೈಡ್‌ಲೈನಿನಿಂದ ಸೈಡ್‌ಲೈನಿಗೆ 15 ಮೀಟರ್, ಒಂದು ನಿಮಿಷದಲ್ಲಿ 17 ಸಲ, ಒಟ್ಟು 255 ಮೀಟರ್. ಓಟ ಮುಗಿದ ಕೂಡಲೇ ಎರಡು ಫ್ರೀ ಥ್ರೋ. ಎರಡು ನಿಮಿಷ ಬಿಟ್ಟು ಮತ್ತೆ. ನಾಲ್ಕು ಸುತ್ತು ಸಾಕು. ರೆಫ್ರಿ ಬಾಲ್ ಕೊಟ್ಟ ಮೇಲೆ 5 ಸೆಕೆಂಡಿನೊಳಗೆ ಹೊಡೆಯಬೇಕು, ಆದ್ದರಿಂದ ಒಂದು ಉಸಿರು, ಎರಡು ಬೌನ್ಸ್, ಶಾಟ್. ಆರೇಳು ಬೌನ್ಸ್ ಹಾಕುವವರು ಬಿಗಿ ಪಂದ್ಯದಲ್ಲಿ ಗಡಿಬಿಡಿಗೆ ಬೀಳುತ್ತಾರೆ.

ಹೊಸ ಕೋರ್ಟಿಗೆ ಹೋದಾಗ ಒಂದು ಅಳತೆ ಟೇಪು ಜೊತೆಗಿರಲಿ. ರಿಂಗಿನ ಎತ್ತರ 3.05 ಮೀಟರ್ ಇರಬೇಕು. ಕಂಬ ಹಾಗೇ ಬಿಟ್ಟು ನೆಲಕ್ಕೆ ಮಾತ್ರ ಮತ್ತೆ ಕಾಂಕ್ರೀಟ್ ಸುರಿದ ಕಡೆ ನಾಲ್ಕೈದು ಸೆಂಟಿಮೀಟರ್ ಕಡಿಮೆ ಸಿಗುತ್ತದೆ. ಮೂರು ಪಾಯಿಂಟ್ ಗೆರೆ 2010ರಿಂದ 6.75 ಮೀಟರ್. ಹಳೆಯ ಶಾಲಾ ಮೈದಾನಗಳಲ್ಲಿ 6.25ರ ಗೆರೆಯೇ ಮಾಸಿಕೊಂಡು ಉಳಿದಿದೆ, ಅದರ ಮೇಲೆ ನಿಂತು ಪಳಗಿದ ಹುಡುಗರಿಗೆ ಒಳಾಂಗಣದಲ್ಲಿ ಶಾಟ್ ಅರ್ಧ ಮೀಟರ್ ಮೊದಲೇ ಬಿದ್ದುಹೋಗುತ್ತದೆ. ಕೊಯಮತ್ತೂರು, ಪೆರಿಯಕುಳಂ ಕಡೆಯ ಟೂರ್ನಿಗಳಂತೆ ಹೊನಲು ಬೆಳಕಿನಲ್ಲಿ ಬಯಲು ಕೋರ್ಟಿನಲ್ಲಿ ಆಡುವಾಗ ಬಾಲ್‌ಗೆ ಬೆವರು, ಧೂಳು ಹತ್ತುತ್ತದೆ; ಸೊಂಟಕ್ಕೆ ಸಿಕ್ಕಿಸಿದ ಒಂದು ತುಂಡು ಟವೆಲ್ಲಿಗೆ ಅಲ್ಲಿ ಬಹಳ ಬೆಲೆ.

ಇನ್ನು ಆ್ಯಂಕಲ್. ಉಳುಕುವುದು ಬಹುತೇಕ ಒಂದೇ ರೀತಿ: ರಿಬೌಂಡಿಗೋ (ಬೀಳದೆ ಮರಳುವ ಬಾಲ್ ಹಿಡಿಯಲು) ಶಾಟಿಗೋ ಹಾರಿ ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲಿಟ್ಟು ಪಾದ ಒಳಕ್ಕೆ ತಿರುಚುತ್ತದೆ, ಹೊರಬದಿಯ ಲಿಗಮೆಂಟ್ ಹರಿಯುತ್ತದೆ. ಆದ ತಕ್ಷಣ ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ, ಅಥವಾ ಗಂಟು ಮೂಳೆಯ ಹಿಂದಿನ ಅಂಚನ್ನು ಒತ್ತಿದಾಗ ಮೂಳೆಯೇ ನೋಯುತ್ತಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಅದಿಲ್ಲದಿದ್ದರೆ ಕ್ರೇಪ್ ಬ್ಯಾಂಡೇಜ್ ಬಿಗಿದು ಕಾಲು ಎತ್ತಿಟ್ಟು ಮಲಗುವುದು. ಎಣ್ಣೆ ಹಾಕಿ ನೀವುವವರು ಪ್ರತಿ ಊರಲ್ಲೂ ಇದ್ದಾರೆ. ಮೊದಲ ಎರಡು ಮೂರು ದಿನ ಅವರಿಂದ ದೂರ ಇರಿ, ಊತ ಇನ್ನೂ ಏರುತ್ತದೆ.

ಟೇಪ್ ಹಾಕುವ ಕ್ರಮ ಹೀಗೆ. ಹಿಗ್ಗದ ಜಿಂಕ್ ಆಕ್ಸೈಡ್ ಟೇಪ್, 3.8 ಸೆಂಟಿಮೀಟರ್ ಅಗಲದ್ದು. ಪಾದ ಮತ್ತು ಮೊಣಕಾಲಿನ ಕೆಳಭಾಗ 90 ಡಿಗ್ರಿಯಲ್ಲಿ ಇರಬೇಕು, ಟೇಪ್ ಮುಗಿಯುವವರೆಗೆ ಹೆಬ್ಬೆರಳು ತನ್ನ ಕಡೆಗೇ ಎಳೆದುಕೊಂಡಿರಬೇಕು. ಪಾದ ಜೋಲುಬಿಟ್ಟು ಹಾಕಿಸಿಕೊಂಡ ಟೇಪ್ ಎದ್ದು ನಿಂತ ಕೂಡಲೇ ಸಡಿಲ. ಚರ್ಮಕ್ಕೆ ಟೇಪ್ ಅಂಟದಂತೆ ತೆಳು ಅಂಡರ್‌ರ್‍ಯಾಪ್ ಸುತ್ತಿ, ಗಂಟು ಮೂಳೆಯಿಂದ ಸುಮಾರು 10 ಸೆಂಟಿಮೀಟರ್ ಮೇಲೆ ಮುಂದಿನ ಪಟ್ಟಿಗಳಿಗೆ ಆಧಾರವಾಗಿ ಎರಡು ಆ್ಯಂಕರ್ ಪಟ್ಟಿ. ಅಲ್ಲಿಂದ ಒಳಬದಿಯಲ್ಲಿ ಇಳಿಸಿ, ಹಿಮ್ಮಡಿಯ ಅಡಿಯಿಂದ ತಂದು, ಹೊರಬದಿಯಲ್ಲಿ ಮೇಲಕ್ಕೆಳೆದು ಅಂಟಿಸುವುದು. ಇಂಥವು ಮೂರು, ಒಂದರ ಮೇಲೊಂದು ಅರ್ಧ ಕೂರುವಂತೆ. ಎಳೆತ ಯಾವಾಗಲೂ ಒಳಗಿನಿಂದ ಹೊರಕ್ಕೆ. ತಿರುಗಿ ಹಾಕಿದರೆ ಟೇಪೇ ಪಾದವನ್ನು ಒಳಕ್ಕೆ ತಿರುಚುತ್ತದೆ. ಆಮೇಲೆ ಎರಡೂ ಕಡೆಯಿಂದ ಹಿಮ್ಮಡಿ ಲಾಕ್ (ಹಿಮ್ಮಡಿ ಅಲುಗದಂತೆ ಓರೆಯಾಗಿ ಹಿಡಿಯುವ ಸುತ್ತು), ಪಾದ ಮತ್ತು ಗಂಟನ್ನು ಬಳಸಿ 8ರ ಆಕಾರದ ಒಂದು ಸುತ್ತು, ಮೇಲಿನಿಂದ ಮುಚ್ಚುವ ಪಟ್ಟಿಗಳು. ಕಿರುಬೆರಳಿನ ಬುಡದ ಉಬ್ಬು ಮೂಳೆಯ ಮೇಲೆ ಬಿಗಿಯಾದರೆ ಹತ್ತು ನಿಮಿಷದಲ್ಲಿ ಪಾದ ಜೋಮು ಹಿಡಿಯುತ್ತದೆ. ಸುಕ್ಕು ಬಿದ್ದ ಕಡೆ ಬೊಬ್ಬೆ. ಅರ್ಧ ಗಂಟೆ ಆಡುವಷ್ಟರಲ್ಲಿ ಟೇಪಿನ ಬಿಗಿ ಸಾಕಷ್ಟು ಹೋಗಿರುತ್ತದೆ, ಹಾಫ್‌ಟೈಮ್‌ನಲ್ಲಿ ಲಾಕ್ ಮತ್ತೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಟೇಪ್ ಒಂದನ್ನೇ ನಂಬಿದರೆ ಉಳುಕು ಮರುಕಳಿಸುತ್ತದೆ. ದಿನಾ ಒಂಟಿ ಕಾಲಿನಲ್ಲಿ 30 ಸೆಕೆಂಡ್ ನಿಲ್ಲುವುದು, ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ, ಕೊನೆಗೆ ಗೋಡೆಗೆ ಬಾಲ್ ಎಸೆದು ಹಿಡಿಯುತ್ತಾ. ಒಂಟಿ ಕಾಲಿನ ಕಾಫ್ ರೈಸ್ (ತುದಿಗಾಲಿನಲ್ಲಿ ಎದ್ದು ಇಳಿಯುವುದು) 15ರಂತೆ 3 ಸೆಟ್. ಗಾಯದ ಕಾಲಿನಲ್ಲಿ ಕುಂಟಿ ಹಾರಿದ ದೂರ ಇನ್ನೊಂದು ಕಾಲಿನ ದೂರದ ಹತ್ತಿರಕ್ಕೆ ಬರುವವರೆಗೆ ಪಂದ್ಯಕ್ಕೆ ಇಳಿಯುವುದಿಲ್ಲ ಎಂಬುದು ನಾನು ಬಿಡದ ನಿಯಮ. ಸಿಮೆಂಟ್ ಕೋರ್ಟಿನಲ್ಲಿ ಮಂಡಿಚಿಪ್ಪಿನ ಕೆಳಗೆ ನೋವು ಬಂದರೆ ಗೋಡೆಗೆ ಒರಗಿ ಕುರ್ಚಿಯಂತೆ ಕೂರುವುದು, 45 ಸೆಕೆಂಡಿನಂತೆ 5 ಸಲ. ನೋವು ಇಳಿದು ವಾರ್ಮ್‌ಅಪ್ ಮಾಡಲು ಆಗುತ್ತದೆ. ಶೂ ಎರಡು ಜೊತೆ: ಗಟ್ಟಿ ರಬ್ಬರ್‌ ತಳದ್ದು ಬಯಲಿಗೆ, ಮೆತ್ತನೆಯದು ಕಂಠೀರವದಂಥ ಮರದ ನೆಲಕ್ಕೆ. ಮೆತ್ತನೆಯ ತಳವನ್ನು ಸಿಮೆಂಟಿಗೆ ಹಾಕಿದರೆ ಕೆಲವೇ ವಾರದಲ್ಲಿ ನುಣ್ಣಗಾಗುತ್ತದೆ.

ಕೊನೆಗೆ ಕಾಗದ, ಹುಡುಗರು ಕಡೆಗಣಿಸುವುದು ಇದನ್ನೇ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಮೆಡಲ್‌ನ ಫೋಟೊ ನಡೆಯುವುದಿಲ್ಲ, ನಿಗದಿತ ಫಾರಂ ಬೇಕು. ದೇಶಕ್ಕೆ ಆಡಿದ್ದರೆ ಫಾರಂ 1, ರಾಷ್ಟ್ರೀಯ ಫೆಡರೇಷನ್ ಕಾರ್ಯದರ್ಶಿಯ ಸಹಿ. ರಾಜ್ಯಕ್ಕೆ ಆಡಿದ್ದರೆ ಫಾರಂ 2, ರಾಜ್ಯ ಸಂಸ್ಥೆಯ ಕಾರ್ಯದರ್ಶಿಯದು. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಫಾರಂ 3, ರಾಷ್ಟ್ರೀಯ ಶಾಲಾ ಕ್ರೀಡೆಗೆ ಫಾರಂ 4. ಕೂಟ ಮುಗಿದ ತಿಂಗಳೊಳಗೆ ಬರೆಸಿಕೊಳ್ಳಿ. ಪದಾಧಿಕಾರಿಗಳು ಬದಲಾದ ಮೇಲೆ ಹಳೆಯ ತಂಡದ ಪಟ್ಟಿ ಹುಡುಕಿಸುವುದು ದೊಡ್ಡ ತಲೆನೋವು. ರೈಲ್ವೆಯ ಬಹಿರಂಗ ನೇಮಕಾತಿಯಲ್ಲಿ 100 ಅಂಕಗಳ ಪೈಕಿ ಟ್ರಯಲ್ಸ್‌ಗೆ 40, ಸಾಧನೆಗೆ 50, ಓದಿಗೆ 10. ಟ್ರಯಲ್ಸ್‌ನಲ್ಲಿ 25 ಬರದಿದ್ದರೆ ಉಳಿದದ್ದು ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ವಯಸ್ಸು 18ರಿಂದ 25. ಟ್ರಯಲ್ಸ್‌ನಲ್ಲಿ ನಾಲ್ಕು ಜನ ಅಪರಿಚಿತರ ಜೊತೆ ಆಡಿಸುತ್ತಾರೆ, ಎಲ್ಲರೂ ಬಾಲ್ ಹಿಡಿದು ನುಗ್ಗುತ್ತಾರೆ. ಅಲ್ಲಿ ಡಿಫೆನ್ಸ್‌ನಲ್ಲಿ ಬಾಯಿಬಿಟ್ಟು ಕೂಗಿ ಮಾತಾಡುವವನು, ಪಾಸ್ ಕೊಟ್ಟು ಖಾಲಿ ಜಾಗಕ್ಕೆ ಓಡುವವನು ಎರಡೇ ನಿಮಿಷದಲ್ಲಿ ಎದ್ದು ಕಾಣುತ್ತಾನೆ. ಕೈಗೆ ಬಾಲ್ ಬಂದಾಗ ಕಾಲು ಸಜ್ಜಾಗಿದ್ದರೆ ಹೊಡೆಯಿರಿ, ಇಲ್ಲದಿದ್ದರೆ ಮತ್ತೆ ಪಾಸ್ ಕೊಡಿ.