ಆಟೋಕ್ಯಾಡ್‌ನಲ್ಲಿ ಸ್ಪರ್ಶಕ ಕಂಸ: ಎರಡು ವೃತ್ತಗಳನ್ನು ನಾನು ಕೂಡಿಸುವ ಬಗೆ

ಲಿವರ್, ಲಿಂಕ್, ಹುಕ್‌ಗಳಂಥ ಯಂತ್ರಭಾಗಗಳನ್ನು ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬಿಡಿಸುವಾಗ ನನ್ನ ಹೆಚ್ಚಿನ ಗಮನ ಬೇಡುವುದು, ಎರಡು ದುಂಡು ತುದಿಗಳನ್ನು ಎಲ್ಲಿಯೂ ಮೂಲೆ ಏಳದಂತೆ ಕೂಡಿಸುವ ಸ್ಪರ್ಶಕ ಕಂಸಗಳು, ಅಂದರೆ ತಾಗುವ ಜಾಗದಲ್ಲಿ ದಿಕ್ಕು ಬದಲಾಗದ ಕಂಸಗಳು. ಮೂರು ಬಿಂದುಗಳನ್ನು ಅಂದಾಜಿನಲ್ಲಿ ಹಿಡಿದು ಕಂಸ ಎಳೆದರೆ ಪರದೆಯ ಮೇಲೆ ಅದು ಸರಿಯಾಗಿಯೇ ಕಾಣಬಹುದು. ಆದರೆ ಕೂಡುವಲ್ಲಿ ಕೋನದ ಸಣ್ಣ ವ್ಯತ್ಯಾಸ ಉಳಿದಿದ್ದರೆ, ಅದೇ ರೇಖೆಯನ್ನು ಅನುಸರಿಸಿ ಲೋಹ ಕತ್ತರಿಸುವ ಯಂತ್ರವು ಆ ಜಾಗದಲ್ಲಿ ಏಣನ್ನು ಉಳಿಸುತ್ತದೆ. ಆದ್ದರಿಂದ ಕಮ್ಯಾಂಡ್ ಕೊಡುವ ಮೊದಲು ಕಂಸದ ಕೇಂದ್ರ ಎಲ್ಲಿ ಬೀಳಬೇಕು ಎಂಬುದನ್ನು ಲೆಕ್ಕ ಹಾಕಿಕೊಳ್ಳುವುದು ನನ್ನ ರೂಢಿ.

ಒಂದು ಲಿಂಕ್ ಪ್ಲೇಟನ್ನೇ ತೆಗೆದುಕೊಳ್ಳೋಣ. ಒಂದು ತುದಿಯ ತ್ರಿಜ್ಯ 20 ಮಿ.ಮೀ., ಇನ್ನೊಂದರದು 12 ಮಿ.ಮೀ., ಕೇಂದ್ರಗಳ ನಡುವಿನ ಅಂತರ 80 ಮಿ.ಮೀ. ಕೆಳಗಿನ ಅಂಚು ಒಳಕ್ಕೆ ಬಾಗಿರಬೇಕು, ಮೇಲಿನ ಅಂಚು ಹೊರಕ್ಕೆ ಉಬ್ಬಿರಬೇಕು, ಎರಡೂ ಕಂಸಗಳ ತ್ರಿಜ್ಯ 60 ಮಿ.ಮೀ. ಇರಬೇಕು. ಕೆಳಗಿನ ಕಂಸವು ವೃತ್ತಗಳನ್ನು ಬಾಹ್ಯವಾಗಿ ಸ್ಪರ್ಶಿಸುವುದರಿಂದ ತ್ರಿಜ್ಯಗಳನ್ನು ಕೂಡಬೇಕು. ಅದರ ಕೇಂದ್ರ ದೊಡ್ಡ ವೃತ್ತದ ಕೇಂದ್ರದಿಂದ 80, ಚಿಕ್ಕದರಿಂದ 72 ಮಿ.ಮೀ. ದೂರದಲ್ಲಿರುತ್ತದೆ. ಮೇಲಿನ ಕಂಸವು ಎರಡೂ ವೃತ್ತಗಳನ್ನು ತನ್ನೊಳಗೆ ಇಟ್ಟುಕೊಂಡು ಸ್ಪರ್ಶಿಸುವುದರಿಂದ ಕಳೆಯಬೇಕು. ಅಲ್ಲಿ ದೂರಗಳು 40 ಮತ್ತು 48. ಕೈವಾರ ಹಿಡಿದು ಕಾಗದದ ಮೇಲೆ ಬಿಡಿಸುವವರು ಮಾಡುವುದೂ ಇದೇ ಲೆಕ್ಕವನ್ನು.

ಕೆಳಗಿನ ಕಂಸಕ್ಕೆ, ಎರಡು ರೇಖೆಗಳನ್ನು ಸ್ಪರ್ಶಕ ಕಂಸದಿಂದ ಕೂಡಿಸುವ ಫಿಲೆಟ್ ಕಮ್ಯಾಂಡ್ ಸಾಕು. ರೇಡಿಯಸ್ 60 ಎಂದು ಕೊಟ್ಟು, ಎರಡೂ ವೃತ್ತಗಳ ಕೆಳಭಾಗದಲ್ಲಿ ಕ್ಲಿಕ್ ಮಾಡಿದರೆ ಕಂಸ ತಾನಾಗಿ ಕೂತುಕೊಳ್ಳುತ್ತದೆ; ಫಿಲೆಟ್ ವೃತ್ತಗಳನ್ನು ಕತ್ತರಿಸುವುದಿಲ್ಲವಾದ್ದರಿಂದ ಒಳಗೆ ಉಳಿದ ಭಾಗವನ್ನು ನಾವೇ ಟ್ರಿಮ್ ಮಾಡಬೇಕು. ಮೇಲಿನ ಕಂಸಕ್ಕೆ ನಾನು ಸರ್ಕಲ್ ಕಮ್ಯಾಂಡಿನ ಟ್ಯಾನ್-ಟ್ಯಾನ್-ರೇಡಿಯಸ್ (ಸ್ಪರ್ಶಿಸಬೇಕಾದ ಎರಡು ವಸ್ತುಗಳು ಮತ್ತು ತ್ರಿಜ್ಯ) ಆಯ್ಕೆಯನ್ನು ಬಳಸಿ ಪೂರ್ಣ ವೃತ್ತ ಬಿಡಿಸಿ, ಬೇಡದ ಭಾಗವನ್ನು ಟ್ರಿಮ್ ಮಾಡುತ್ತೇನೆ. ಇಲ್ಲಿ ಕ್ಲಿಕ್ ಮಾಡುವ ಜಾಗವೇ ಫಲಿತಾಂಶವನ್ನು ನಿರ್ಧರಿಸುತ್ತದೆ: ಕೊಟ್ಟ ತ್ರಿಜ್ಯಕ್ಕೆ ಹೊಂದುವ ವೃತ್ತಗಳು ಹಲವು ಇರುತ್ತವೆ, ಅವುಗಳಲ್ಲಿ ಯಾವುದರ ಸ್ಪರ್ಶಬಿಂದುಗಳು ನಾವು ಒತ್ತಿದ ಜಾಗಕ್ಕೆ ಹೆಚ್ಚು ಹತ್ತಿರವೋ ಅದನ್ನು ಸಾಫ್ಟ್‌ವೇರ್ ಬಿಡಿಸುತ್ತದೆ. ಹಾಗಾಗಿ ಉಬ್ಬುಕಂಸ ಬೇಕಾದಾಗ ವೃತ್ತಗಳ ಹೊರಮಗ್ಗುಲಿನಲ್ಲಿ, ಕಂಸ ತಾಗಬೇಕಾದ ಜಾಗದ ಆಸುಪಾಸಿನಲ್ಲೇ ಒತ್ತುತ್ತೇನೆ.

ತ್ರಿಜ್ಯ ಚಿಕ್ಕದಾದರೆ ಅಂಥ ವೃತ್ತವೇ ಇಲ್ಲವೆಂಬ ಸಂದೇಶ ಬರುತ್ತದೆ. ಅದನ್ನು ಸಾಫ್ಟ್‌ವೇರಿನ ದೋಷವೆಂದು ತಿಳಿದು ಮತ್ತೆ ಮತ್ತೆ ಕ್ಲಿಕ್ ಮಾಡುವವರಿದ್ದಾರೆ. ಎರಡೂ ವೃತ್ತಗಳನ್ನು ಒಳಗೊಳ್ಳುವ ಕಂಸಕ್ಕೆ ಬೇಕಾದ ಕನಿಷ್ಠ ತ್ರಿಜ್ಯವು ಕೇಂದ್ರಾಂತರಕ್ಕೆ ಎರಡೂ ತ್ರಿಜ್ಯಗಳನ್ನು ಕೂಡಿಸಿ ಅರ್ಧ ಮಾಡಿದಷ್ಟು. ನಮ್ಮ ಉದಾಹರಣೆಯಲ್ಲಿ 56 ಮಿ.ಮೀ. ಒಳಬಾಗಿದ ಕಂಸಕ್ಕೆ ಕೂಡುವ ಬದಲು ಕಳೆಯಬೇಕು, ಆಗ 24 ಮಿ.ಮೀ. ಸಾಕು.

ನೇರ ಗೆರೆಯಿಂದ ಹೊರಡುವ ಕಂಸದ ಕೆಲಸ ಇದಕ್ಕಿಂತ ಸುಲಭ. ಗೆರೆ ಎಳೆದ ಕೂಡಲೇ ಆರ್ಕ್ ಕಮ್ಯಾಂಡ್ ಕೊಟ್ಟು, ಮೊದಲ ಬಿಂದುವನ್ನು ಕೇಳಿದಾಗ ಎಂಟರ್ ಒತ್ತಿದರೆ ಸಾಕು, ಕಂಸವು ಗೆರೆಯ ಕೊನೆಯಿಂದಲೇ ಅದಕ್ಕೆ ಸ್ಪರ್ಶಕವಾಗಿ ಹೊರಡುತ್ತದೆ. ನಾವು ಅಂತ್ಯಬಿಂದುವನ್ನಷ್ಟೇ ತೋರಿಸಬೇಕು. ಎರಡು ಗೆರೆಗಳ ಮೂಲೆಗೆ ಫಿಲೆಟ್ ಹಾಕುವಾಗ ಮಾತ್ರ ಗೆರೆಗಳ ಉದ್ದವನ್ನು ನೋಡಿಕೊಳ್ಳುತ್ತೇನೆ. 10 ಮಿ.ಮೀ. ತ್ರಿಜ್ಯದ ಫಿಲೆಟ್ 90 ಡಿಗ್ರಿ ಮೂಲೆಯ ಪ್ರತಿ ಗೆರೆಯಿಂದ 10 ಮಿ.ಮೀ. ತಿನ್ನುತ್ತದೆ, 60 ಡಿಗ್ರಿಯ ಮೂಲೆಯಲ್ಲಿ ಅದೇ ಫಿಲೆಟ್ 17.32 ಮಿ.ಮೀ. ತಿನ್ನುತ್ತದೆ.

ಸರಿಯಾಗಿದೆಯೇ ಎಂದು ಪರೀಕ್ಷಿಸಲು ಜೂಮ್ ಮಾಡಿ ಕಣ್ಣಿನಿಂದ ನೋಡುವುದನ್ನು ನಾನು ನಂಬುವುದಿಲ್ಲ. ಆಟೋಕ್ಯಾಡ್ ಕಂಸಗಳನ್ನು ಚಿಕ್ಕ ಚಿಕ್ಕ ಗೆರೆಗಳಾಗಿ ತೋರಿಸುವುದರಿಂದ, ಪರದೆಯ ಚಿತ್ರವನ್ನು ಹೊಸದಾಗಿ ಮೂಡಿಸುವ ರೀಜೆನ್ ಕಮ್ಯಾಂಡ್ ಕೊಡುವವರೆಗೆ ಸರಿಯಾದ ಕಂಸವೂ ಮುರಿದಂತೆ ಕಾಣಬಹುದು. ಅದರ ಬದಲು ಕಂಸದ ಕೇಂದ್ರದಿಂದ ವೃತ್ತದ ಕೇಂದ್ರಕ್ಕೆ ಒಂದು ಗೆರೆ ಎಳೆಯುತ್ತೇನೆ. ಬಾಹ್ಯ ಸ್ಪರ್ಶವಾದರೆ ಸ್ಪರ್ಶಬಿಂದು ಆ ಗೆರೆಯ ಮೇಲೆಯೇ, ಆಂತರಿಕವಾದರೆ ಅದನ್ನು ವೃತ್ತದ ಕೇಂದ್ರದಿಂದ ಮುಂದಕ್ಕೆ ಚಾಚಿದ ಭಾಗದ ಮೇಲೆ ಇರಬೇಕು.

ಅಳತೆಗಳು ಬದಲಾಗುವ ಸಂಭವವಿರುವ ನಕ್ಷೆಗಳಲ್ಲಿ ಇಷ್ಟಕ್ಕೇ ನಿಲ್ಲಿಸದೆ ಟ್ಯಾಂಜೆಂಟ್ ಕನ್‌ಸ್ಟ್ರೇಂಟ್‌ಗಳನ್ನೂ, ಅಂದರೆ ಅಳತೆ ಬದಲಾದರೂ ಸ್ಪರ್ಶವನ್ನು ಉಳಿಸಿಕೊಳ್ಳುವ ಕಟ್ಟುಗಳನ್ನೂ, ಹಾಕುತ್ತೇನೆ. ಎರಡನೆಯದಾಗಿ ಆರಿಸಿದ ವಸ್ತುವೇ ಸಾಮಾನ್ಯವಾಗಿ ಸರಿಯುವುದರಿಂದ ವೃತ್ತವನ್ನು ಮೊದಲು, ಕಂಸವನ್ನು ಆಮೇಲೆ ಆರಿಸುವುದು ಒಳ್ಳೆಯದು. ಆದರೂ ಗಣಿತದ ಮಿತಿಯನ್ನು ಯಾವ ಕನ್‌ಸ್ಟ್ರೇಂಟೂ ಮೀರಿಸುವುದಿಲ್ಲ. ಮೊದಲು ಹೇಳಿದ ಲಿಂಕ್ ಪ್ಲೇಟಿನ ಕೇಂದ್ರಾಂತರವನ್ನು 80ರಿಂದ 90ಕ್ಕೆ ಹೆಚ್ಚಿಸಿದರೆ ಉಬ್ಬುಕಂಸಕ್ಕೆ ಕನಿಷ್ಠ 61 ಮಿ.ಮೀ. ತ್ರಿಜ್ಯ ಬೇಕಾಗುತ್ತದೆ, 60ರ ಕಂಸ ಅಲ್ಲಿ ಅಸಾಧ್ಯ. ಆದ್ದರಿಂದ ಅಂಥ ತಿದ್ದುಪಡಿಯಲ್ಲಿ ಮೊದಲು ಕಂಸದ ತ್ರಿಜ್ಯವನ್ನು 70ಕ್ಕೆ ಏರಿಸಿಕೊಂಡು, ಅನಂತರವೇ ಕೇಂದ್ರಾಂತರವನ್ನು ಬದಲಿಸುತ್ತೇನೆ.