ತೊಗಟೆಯ ತಿಗಣೆಗೆ ಜೋಡಿ ಹುಡುಕಿದ ಬಗೆ

ಹತ್ತಿ ಬೆಳೆಯುವ ನಮ್ಮ ಕಡೆಯ ರೈತರಿಗೆ ಮಿರಿಡ್ ತಿಗಣೆ ಎಂದರೆ ಮೊಗ್ಗು, ಎಳೆಗಾಯಿ ಉದುರಿಸುವ ಪೀಡೆ. ಅದೇ ಮಿರಿಡೇ ಕುಟುಂಬದ ಐಸೊಮೆಟೊಪಿನೇ ಎಂಬ ಉಪಕುಟುಂಬದ ತಿಗಣೆಗಳು ಬೆಳೆಯ ತಂಟೆಗೆ ಹೋಗದೆ ಮರದ ತೊಗಟೆಯ ಮೇಲೆ ಬದುಕುತ್ತವೆ; ಅಲ್ಲಿ ಹುರುಪೆಯಂತೆ ಅಂಟಿಕೊಂಡು ರಸ ಹೀರುವ ಶಲ್ಕ ಕೀಟಗಳೇ ಅವುಗಳ ಮುಖ್ಯ ಆಹಾರ. ಎರಡು ಮೂರು ಮಿಲಿಮೀಟರ್ ಉದ್ದದ, ತೊಗಟೆಯದೇ ಬಣ್ಣದ ಈ ತಿಗಣೆಯನ್ನು ಹಿರಿಯೂರು ಕಡೆಯ ಹುಣಸೆ ತೋಪೊಂದರಲ್ಲಿ, ಮಾಲೀಕರ ಒಪ್ಪಿಗೆ ಪಡೆದು ಸಂಗ್ರಹಿಸಿದೆ. “ತಿಗಣೆ ಹಾಸಿಗ್ಯಾಗ ಇರ್ತತಿ, ಮರದಾಗ ಏನು ಹುಡುಕ್ತೀರಿ ಮೇಷ್ಟ್ರೇ?” ಎಂದು ಅವರು ನಕ್ಕರೂ ಶಲ್ಕ ಕೀಟ ಹೆಚ್ಚಾಗಿ ಹತ್ತಿದ ಮರಗಳನ್ನು ತೋರಿಸಿಕೊಟ್ಟವರು ಅವರೇ.

ಕೊಂಬೆ ಬಡಿದು ಬಟ್ಟೆಗೆ ಬೀಳಿಸುವ ವಿಧಾನ ಕಾಂಡದ ಬಿರುಕಿನಲ್ಲಿ ಕೂರುವ ಕೀಟಕ್ಕೆ ಒದಗುವುದಿಲ್ಲ. ಟಾರ್ಚಿನ ಬೆಳಕನ್ನು ತೊಗಟೆಗೆ ಓರೆಯಾಗಿ ಹಾಯಿಸಿದರೆ ಮೊದಲು ನೆರಳು, ಆಮೇಲೆ ತಿಗಣೆ ಕಾಣುತ್ತದೆ. ಮುಟ್ಟಿದರೆ ಜಿಗಿಯುವುದರಿಂದ ಗಾಜಿನ ಕೊಳವೆಯನ್ನು ಮೇಲೆ ಕವುಚಿಯೇ ಹಿಡಿಯಬೇಕು. ಹೀಗೆ ಸಿಕ್ಕವು ಬಹುಪಾಲು ಹೆಣ್ಣುಗಳು. ಗಂಡುಗಳು ಬಂದದ್ದು ರಾತ್ರಿ ಬಿಳಿ ಬಟ್ಟೆಯ ಮುಂದೆ ಹಚ್ಚಿದ ದೀಪಕ್ಕೆ.

ಉಪಕುಟುಂಬವನ್ನು ಗುರುತಿಸುವುದು ಕಷ್ಟವಲ್ಲ. ಮುಂದಿನ ರೆಕ್ಕೆಯ ಗಟ್ಟಿಭಾಗದ ತುದಿಯಲ್ಲಿರುವ ಕ್ಯೂನಿಯಸ್ ಎಂಬ ತ್ರಿಕೋನ ಮಿರಿಡೇ ಕುಟುಂಬವನ್ನು ಸೂಚಿಸುತ್ತದೆ. ಆ ಕುಟುಂಬದ ಉಳಿದ ತಿಗಣೆಗಳಲ್ಲಿ ಸಾಮಾನ್ಯವಾಗಿ ಕಾಣದ ಸರಳ ಕಣ್ಣುಗಳ ಜೋಡಿ ಇವುಗಳ ತಲೆಯ ಮೇಲಿರುತ್ತದೆ. ತೊಡಕು ಪ್ರಭೇದದ ಹಂತದಲ್ಲಿದೆ. 1902ರಿಂದ 1918ರವರೆಗೆ ಹೊರಬಂದ ಬ್ರಿಟಿಷ್ ಕೀಟತಜ್ಞ ಡಿಸ್ಟಂಟ್ ಅವರ, ಭಾರತದ ತಿಗಣೆ ವರ್ಗದ ಕೀಟಗಳನ್ನು ವಿವರಿಸುವ ರಿಂಕೋಟಾ ಸಂಪುಟಗಳನ್ನು ಇಂದಿಗೂ ಬಿಡುವಂತಿಲ್ಲ, ಆದರೆ ಅವು ಹೊರಗಿನ ಆಕಾರ, ಬಣ್ಣಗಳನ್ನು ಹೇಳುತ್ತವೆಯೇ ಹೊರತು ಪ್ರಭೇದ ಗುರುತಿಸಲು ಬೇಕಾದ ಗಂಡಿನ ಜನನಾಂಗದ ರಚನೆಯನ್ನು ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ ಜೋಡಿಯದು. ಗಂಡು ನೀಳ, ಅದರ ಕಣ್ಣು ದೊಡ್ಡದು. ಹೆಣ್ಣು ಗಿಡ್ಡ, ಅಂಡಾಕಾರ. ಪಕ್ಕಪಕ್ಕದಲ್ಲಿ ಇಟ್ಟರೂ ಒಂದೇ ಪ್ರಭೇದವೆಂದು ಹೇಳಲಾಗದು. ಈ ಗುಂಪಿನ ಎಷ್ಟೋ ಪ್ರಭೇದಗಳನ್ನು ಒಂದೇ ಲಿಂಗದ ಮಾದರಿಯಿಂದ ವಿವರಿಸಿರುವುದಕ್ಕೆ ಕಾರಣ ಇದೇ, ಮತ್ತು ಆ ಅವಸರ ನನಗೆ ಒಪ್ಪಿಗೆಯಾಗಲಿಲ್ಲ. ಒಂದೇ ಕಾಂಡದ ಮರಿಗಳನ್ನು ಶಲ್ಕ ಕೀಟವಿರುವ ತೊಗಟೆಯ ಚೂರಿನೊಡನೆ ಡಬ್ಬಿಯಲ್ಲಿ ಸಾಕಿದೆ. ಬೆಳೆದಾಗ ಎರಡೂ ರೂಪಗಳು ಹೊರಬಂದವು. ಅಷ್ಟರಿಂದಲೇ ನಂಬದೆ ಎರಡರ ಕಾಲುಗಳನ್ನು ಡಿಎನ್‌ಎ ಪರೀಕ್ಷೆಗೆ ಕೊಟ್ಟೆ. ಪ್ರಾಣಿಗಳ ಬಾರ್‌ಕೋಡ್ ಆಗಿ ಬಳಸುವ, ಸುಮಾರು 658 ಅಕ್ಷರಗಳ ಸಿಓಐ ಎಂಬ ಜೀನಿನ ತುಣುಕು ಎರಡರಲ್ಲೂ ಹೊಂದಿಕೆಯಾಯಿತು.

ಆಮೇಲೆ ಗಂಡಿನ ಹೊಟ್ಟೆಯ ತುದಿಯನ್ನು ಬೇರ್ಪಡಿಸಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗಿಟ್ಟು, ಸ್ನಾಯು ಕರಗಿದ ಮೇಲೆ ಗ್ಲಿಸರಿನ್ನಿನಲ್ಲಿ ತಿರುಗಿಸುತ್ತ ಎಡ ಮತ್ತು ಬಲ ಪ್ಯಾರಮಿಯರ್‌ಗಳ, ಅಂದರೆ ಜನನಾಂಗದ ಇಬ್ಬದಿಯ ಕೊಕ್ಕೆಯಂಥ ಭಾಗಗಳ, ಚಿತ್ರ ಬರೆದೆ. ಇವೆರಡೂ ಒಂದೇ ಆಕಾರದಲ್ಲಿರುವುದಿಲ್ಲವಾದ್ದರಿಂದ ಯಾವ ಬದಿಯದು ಎಂಬುದನ್ನು ಬಿಡಿಸುವಾಗಲೇ ಬರೆದಿಡಬೇಕು. ದೇಹದ ಉದ್ದ, ತಲೆಯ ಅಗಲ, ಕಣ್ಣುಗಳ ನಡುವಿನ ಅಂತರ, ಕುಡಿಮೀಸೆಯ ನಾಲ್ಕು ಗೆಣ್ಣುಗಳ ಅಳತೆಗಳನ್ನು ಪ್ರಭೇದ ವಿವರಣೆಯ ಕರಡಿನಲ್ಲಿ ಎರಡೂ ಲಿಂಗಗಳಿಗೆ ಬೇರೆಬೇರೆಯಾಗಿ ಕೊಟ್ಟಿದ್ದೇನೆ.

ಹಳೆಯ ಮೂಲ ಮಾದರಿಗಳೊಂದಿಗೆ ಹೋಲಿಕೆ ಮುಗಿಯುವವರೆಗೆ ಕರಡಿನಲ್ಲಿ ಪ್ರಭೇದದ ಹೆಸರಿನ ಜಾಗ ಖಾಲಿಯಿದೆ. ಹೊಸದೆಂದು ಖಚಿತವಾದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಮಾದರಿಗಳನ್ನು ಅಧಿಕೃತ ಸಂಗ್ರಹಾಲಯಕ್ಕೆ ಒಪ್ಪಿಸಬೇಕು; ಹೋಲೋಟೈಪ್ ಆಗಿ, ಅಂದರೆ ಹೆಸರಿಗೆ ಆಧಾರವಾಗುವ ಒಂದೇ ಮಾದರಿಯಾಗಿ, ಜನನಾಂಗ ಬಿಡಿಸಿದ ಆ ಗಂಡನ್ನೇ ತೆಗೆದಿಟ್ಟಿದ್ದೇನೆ.