ಗಾಳಿಗೆ ಓಡಿತು, ಬೆಂಕಿಗೆ ಓಡಲಿಲ್ಲ

ನಾಲ್ಕು ವರ್ಷದ ಭಾನುವಾರಗಳನ್ನೆಲ್ಲ ಒಂದು ಪುಟ್ಟ ಉಗಿ ಎಂಜಿನ್ ನುಂಗಿದೆ. ನಾಲ್ಕೇ ಚಕ್ರ, ಹಳಿಗಳ ನಡುವೆ ಬರೀ 3½ ಇಂಚು. ಒಬ್ಬರೇ ಎತ್ತಿ ಮೇಜಿನ ಮೇಲಿಡಬಹುದು. ಹಾಗಂತ ಆಟಿಕೆಯಲ್ಲ. ಒಳಗೆ ನಿಜವಾದ ಕಲ್ಲಿದ್ದಲು ಉರಿಯುತ್ತದೆ. ಹಿಂದಿನ ಗಾಡಿಯಲ್ಲಿ ಕೂತ ನನ್ನನ್ನು ಎಳೆಯುತ್ತದೆ.

ನಕ್ಷೆ ನನ್ನದಲ್ಲ. ಎಲ್‌ಬಿಎಸ್‌ಸಿ ಅನ್ನೋ ಹೆಸರಲ್ಲಿ ಬರೆಯುತ್ತಿದ್ದ ಇಂಗ್ಲೆಂಡಿನವರೊಬ್ಬರು ಹೊಸಬರಿಗೆಂದೇ ಮಾಡಿದ 'ಟಿಚ್' ಇದು. ಕಟ್ಟೋದು ಹೊಸಬರಿಗೆ ಸಾಧ್ಯ, ನಿಜ. ಓಡಿಸೋದು ಬೇರೆ ಮಾತು. ಬೆಂಕಿಗೂಡು ಅಷ್ಟು ಚಿಕ್ಕದು, ಒಂದು ಗಳಿಗೆ ಮರೆತರೆ ಬೆಂಕಿ ಆರುತ್ತದೆ.

ಚಕ್ರ, ಸಿಲಿಂಡರ್ ಎಲ್ಲ ಲೇತ್ ಮುಂದೆ ತಾಳ್ಮೆಯಿಂದ ನಿಂತರೆ ಆಗುವ ಕೆಲಸ. ನನಗೆ ಭಯ ಇದ್ದದ್ದು ಬಾಯ್ಲರ್ ಬಗ್ಗೆ. ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಬೇಕು. ಉಕ್ಕಾಗಿದ್ದರೆ ಗಟ್ಟಿಯಾಗುತ್ತಿತ್ತು, ತಾಮ್ರ ಮೆತ್ತಗಾಗುತ್ತದೆ. ಆಮೇಲೆ ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಅಂಚು ಬಗ್ಗಿಸೋದು. ಏಟು ಬಿದ್ದ ಹಾಗೆಲ್ಲ ಅದು ಮತ್ತೆ ಬಿರುಸಾಗುತ್ತದೆ. ಕಿವಿಗೇ ಗೊತ್ತಾಗುತ್ತದೆ: ದಪ್ ದಪ್ ಅನ್ನುತ್ತಿದ್ದದ್ದು ಟಣ್ ಅಂದರೆ ನಿಲ್ಲಿಸಿ ಮತ್ತೆ ಕಾಯಿಸಬೇಕು. ಇನ್ನೆರಡೇ ಏಟು ಅಂತ ಮುಂದುವರಿಸಿದೆ, ಅಂಚು ಸೀಳಿತು. ಆ ತಗಡು ಗುಜರಿಗೆ ಹೋಯಿತು.

ಬೆಳ್ಳಿ ಬೆಸುಗೆ ಮುಗಿದ ಮೇಲೆ ಪರೀಕ್ಷೆ. ನನ್ನ ಬಾಯ್ಲರ್ 80 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡದ್ದು. ಅದರ ತುಂಬ ನೀರು ತುಂಬಿಸಿ, ಅನುಭವಸ್ಥರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈಪಂಪಿನಿಂದ 160ಕ್ಕೆ ಏರಿಸಿದೆ. ಈ ಪರೀಕ್ಷೆಯನ್ನು ಗಾಳಿ ತುಂಬಿ ಮಾಡಲೇಬಾರದು. ಬೆಸುಗೆ ಬಿಟ್ಟರೆ ನೀರು ಚಿಮ್ಮಿ ಸುಮ್ನಾಗುತ್ತದೆ, ಅದುಮಿದ ಗಾಳಿ ಬಾಂಬಿನ ಥರ ಸಿಡಿಯುತ್ತದೆ.

ಸಿಲಿಂಡರ್‌ಗೆ ಮಾತ್ರ ಕಂಪ್ರೆಸರ್ ಗಾಳಿ ಕೊಟ್ಟು ನೋಡಿದ್ದೆ. ಹೊಲಿಗೆ ಯಂತ್ರದ ಹಾಗೆ ಓಡಿತ್ತು. ಅದೇ ಧೈರ್ಯದಲ್ಲಿ ಬೆಂಕಿ ಹಾಕಿದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು, ಚಿಮಣಿ ಮೇಲೆ ಪುಟ್ಟ ಕರೆಂಟ್ ಫ್ಯಾನ್. ಒತ್ತಡ ತೋರಿಸುವ ಮುಳ್ಳು 60 ಮುಟ್ಟಿತು. ಫ್ಯಾನ್ ತೆಗೆದು ಹೊರಟೆ. ಇಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ಬೆಂಕಿ ಮಂಕು, ಮುಳ್ಳು ಕೆಳಗೆ.

ಕಲ್ಲಿದ್ದಲನ್ನು ಬೈದೆ. ಬದಲಾಯಿಸಿದೆ. ಅದೇ ಕಥೆ. ಮೂರು ಭಾನುವಾರ ಹೀಗೇ ಕಳೆದವು.

ಉಗಿ ಎಂಜಿನ್ ಉಸಿರಾಡೋದು ತನ್ನದೇ ಉಗಿಯಿಂದ. ಸಿಲಿಂಡರ್‌ನಲ್ಲಿ ಕೆಲಸ ಮುಗಿಸಿದ ಉಗಿ ಒಂದು ಸಣ್ಣ ಮೂತಿಯಿಂದ ಚಿಮಣಿಗೆ ಚಿಮ್ಮುವಾಗ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಎಳೆತಕ್ಕೇ ಬೆಂಕಿಗೆ ಗಾಳಿ ಬರೋದು. ಹಾಗಾಗಿ ಮೂತಿ ಚಿಮಣಿಯ ನಡುವಿಗೆ ನೇರ ಇರಬೇಕು, ಚಿಮಣಿಯ ಬುಡದಲ್ಲಿ ಹೊಗೆ ಸೇರುವ ಡಬ್ಬಿ, ಅಂದರೆ ಸ್ಮೋಕ್ ಬಾಕ್ಸ್‌ನಲ್ಲಿ ತೂತು ಇರಬಾರದು. ಮೂತಿಗೆ ಒಂದು ನೆಟ್ಟಗಿನ ಸರಳು ಸಿಕ್ಕಿಸಿದೆ. ಚಿಮಣಿಯ ಬಾಯಲ್ಲಿ ಅದು ಒಂದು ಪಕ್ಕಕ್ಕೆ ಮೂರು ಮಿಲಿಮೀಟರ್ ವಾಲಿತ್ತು! ರಾತ್ರಿ ದೀಪ ಆರಿಸಿ ಸ್ಮೋಕ್ ಬಾಕ್ಸ್ ಒಳಗೆ ಟಾರ್ಚ್ ಇಟ್ಟೆ. ತಳದಲ್ಲಿ ಕೊಳವೆ ಹಾಯುವ ಕಡೆ ಉಗುರಿನಂಥ ಬೆಳಕು. ಬೆಂಕಿಯ ಕಡೆಯಿಂದ ಬರಬೇಕಾದ ಗಾಳಿ ಅಲ್ಲಿಂದ ನುಗ್ಗುತ್ತಿತ್ತು. ಮೂತಿ ಸರಿಮಾಡಿ, ಬಿರುಕಿಗೆ ಶಾಖ ತಡೆಯುವ ಪುಟ್ಟಿ ಮೆತ್ತಿದೆ.

ಮುಂದಿನ ಸಲ ಓಡುತ್ತಾ ಓಡುತ್ತಾ ಸೇಫ್ಟಿ ವಾಲ್ವ್ ಬುಸ್ಸೆಂದಿತು. ನಗು ತಡೆಯಲಾಗಲಿಲ್ಲ. ಆದರೂ ಕಣ್ಣು ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಗಾಜಿನ ಮೇಲೇ ಇತ್ತು. ಬೆಂಕಿಗೂಡಿನ ನೆತ್ತಿಗಿಂತ ನೀರು ಕೆಳಗಿಳಿದರೆ ಬಾಯ್ಲರ್ ಕಥೆ ಮುಗಿದ ಹಾಗೆ, ಅಲ್ವಾ?

ಈಗ ಜಗಳ ಉಗಿಯ ಬಲದಿಂದಲೇ ಬಾಯ್ಲರ್‌ಗೆ ನೀರು ನುಗ್ಗಿಸುವ ಇಂಜೆಕ್ಟರ್ ಜೊತೆ. ಬಿಸಿಯಾದರೆ ನೀರು ಎತ್ತೋದೇ ಇಲ್ಲ. ಒಂದು ಲೋಟ ತಣ್ಣೀರು ಪಕ್ಕದಲ್ಲೇ ಇಟ್ಟುಕೊಂಡು, ಮುನಿಸಿಕೊಂಡಾಗ ಅದರ ತಲೆ ಮೇಲೆ ಸುರಿಯುತ್ತೇನೆ.